ಎಂಟು ವಾರ ದಾಟಿದ ಕೆಮ್ಮಿಗೆ ಹಿತ್ತಲ ಗಿಡ ಬಳಸುವ ಬಗೆ

ನನ್ನ ಕೆಮ್ಮು ಶುರುವಾಗಿದ್ದು ಜೂನ್ ಎರಡನೇ ವಾರ, ಮಳೆ ಹಿಡಿದ ಹೊತ್ತಿಗೆ. ನಿಂತಿದ್ದು ಡಿಸೆಂಬರ್‌ನಲ್ಲಿ, ಅಡಿಕೆ ಕೊಯ್ಲಿನ ನಡುವೆ. ಒಣ ಕೆಮ್ಮು. ಗಂಟಲಲ್ಲಿ ಕೋಳಿಗರಿ ಆಡಿಸಿದ ಹಾಗೆ ಕೆರೆತ. ರಾತ್ರಿ ಮಲಗಿದರೆ ಎದ್ದು ಕೂರಬೇಕು. ಹೊಸನಗರ ತಾಲ್ಲೂಕಿನ ನಮ್ಮೂರಲ್ಲಿ ಮಳೆಗಾಲದ ಕೆಮ್ಮು ಹೊಸತೇನಲ್ಲ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ನನಗೂ ಬರಲಿಲ್ಲ.

ಆ ವರ್ಷ ಮೇ ತಿಂಗಳಲ್ಲಿ ನನಗೆ ಬಿಪಿ ಇದೆ ಅಂತ ಗೊತ್ತಾಗಿ ಎನಾಲಪ್ರಿಲ್ ಮಾತ್ರೆ ಶುರು ಮಾಡಿದ್ದರು. ಜೂನ್‌ನಲ್ಲಿ ಕೆಮ್ಮು ಬಂತು. ಜುಲೈನಲ್ಲಿ ಅತ್ತೆ, "ಎಂತಕ್ಕೆ ಹೀಗೆ ಕೆಮ್ತೀಯೆ, ಜ್ಯೇಷ್ಠಮಧು ಕಷಾಯ ಕುಡಿ" ಅಂದರು. ಶಿವಮೊಗ್ಗದ ಗ್ರಂಥಿಗೆ ಅಂಗಡಿಯಿಂದ ಕಾಲು ಕೆಜಿ ತರಿಸಿ ದಿನಕ್ಕೆ ಎರಡು ಹೊತ್ತು ಕುಡಿದೆ. ಗಂಟಲಿಗೆ ಹಿತವಾಯಿತು. ಆದರೆ ತಿಂಗಳಾಗುವಷ್ಟರಲ್ಲಿ ಕಾಲು ಊದಿತು. 140ರ ಹತ್ತಿರ ಇದ್ದ ಬಿಪಿ 170 ಮುಟ್ಟಿತು. ಮಾತ್ರೆ ಬರೆದ ವೈದ್ಯರು ಡೋಸ್ ಎರಡು ಪಟ್ಟು ಮಾಡಿದರು. ಕೆಮ್ಮು ಹಾಗೇ ಇತ್ತು. ನಾನು ಮಧ್ಯಾಹ್ನ ಇನ್ನೊಂದು ಲೋಟ ಕಷಾಯ ಸೇರಿಸಿದೆ.

ನವೆಂಬರ್‌ನಲ್ಲಿ ಬೇರೆ ಕಡೆ ತೋರಿಸಿದೆ. ಅಲ್ಲಿದ್ದ ಚಿಕ್ಕ ವಯಸ್ಸಿನ ವೈದ್ಯೆ, "ಅಮ್ಮಾ, ಮನೇಲಿ ಏನೇನು ಕುಡೀತೀರಿ?" ಅಂತ ಕೇಳಿದರು. ಅಲ್ಲಿಯವರೆಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ನಾನಾಗಿ ಹೇಳಿಯೂ ಇರಲಿಲ್ಲ. ಕಷಾಯವನ್ನು ಔಷಧಿ ಅಂತ ನಾನು ಎಣಿಸಿಯೇ ಇರಲಿಲ್ಲವಲ್ಲ. ಅವರು ಮಾತ್ರೆ ಬದಲಾಯಿಸಿದರು, ಜ್ಯೇಷ್ಠಮಧು ಬಿಡಿಸಿದರು. ಮೂರನೇ ವಾರಕ್ಕೆ ಕೆಮ್ಮು ಹೋಯಿತು. ಬಿಪಿಯೂ ಇಳಿಯಿತು.

ಕೆಮ್ಮು ತಂದದ್ದು ಮಾತ್ರೆ. ಬಿಪಿ ಏರಿಸಿದ್ದು ಕಷಾಯ. ಆರು ತಿಂಗಳು ನಾನು ಇವೆರಡರ ನಡುವೆ ಸುತ್ತುತ್ತಿದ್ದೆ. ಅದಾದ ಮೇಲೆ ನಮ್ಮ ಹಿತ್ತಲಿನ ಒಂದೊಂದು ಕೆಮ್ಮಿನ ಗಿಡವನ್ನೂ ಹೊಸದಾಗಿ ಓದಿಕೊಂಡೆ. ಒಳಗೆ ಯಾವ ಸಾರ ಇದೆ, ಅದು ದೇಹದಲ್ಲಿ ಏನು ಮಾಡುತ್ತದೆ, ಯಾರಿಗೆ ಆಗುವುದಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕ್ಯಾಲೆಂಡರ್ ನೋಡಿ

ಕೆಮ್ಮು ಶುರುವಾದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಶೀತ, ಜ್ವರದ ಜೊತೆ ಬಂದ ಕೆಮ್ಮು ಸಾಮಾನ್ಯವಾಗಿ ಮೂರು ವಾರದೊಳಗೆ ತಾನೇ ಕಡಿಮೆಯಾಗುತ್ತದೆ. ಆಗ ಯಾವ ಕಷಾಯ ಕುಡಿದರೂ ಅದೇ ಗುಣ ಮಾಡಿತು ಅನಿಸುತ್ತದೆ. ದೊಡ್ಡವರಲ್ಲಿ 8 ವಾರ, ಮಕ್ಕಳಲ್ಲಿ 4 ವಾರ ದಾಟಿದರೆ ಅದನ್ನು ದೀರ್ಘಕಾಲದ ಕೆಮ್ಮು ಅನ್ನುತ್ತಾರೆ. ಅದಕ್ಕೆ ಕಾರಣ ಹುಡುಕಲೇಬೇಕು.

ಎಂಟು ವಾರ ಕಾಯಬಾರದ ಕೆಮ್ಮೂ ಇದೆ. ಎರಡು ವಾರ ಬಿಡದೆ ಕೆಮ್ಮಿದರೆ ಕ್ಷಯದ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿ, ಹೇಗೆ ಅಂತ ಹೇಳುತ್ತಾರೆ. ಕಫದಲ್ಲಿ ರಕ್ತ, ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು, ಉಬ್ಬಸ, ದನಿ ಕೂತು ಬಿಡುವುದು, ಇವುಗಳಲ್ಲಿ ಒಂದಿದ್ದರೂ ಕಷಾಯದ ಪಾತ್ರೆ ಒಲೆ ಮೇಲೆ ಇಡುವ ಮೊದಲು ಬಸ್ಸು ಹತ್ತಿ. ಬೀಡಿ, ಸಿಗರೇಟು ಸೇದುವವರಿಗೆ ಈ ಮಾತು ಇನ್ನೂ ಜಾಸ್ತಿ ಸಲ್ಲುತ್ತದೆ.

ಆಮೇಲೆ ಒಂದು ನೋಟ್‌ಬುಕ್ ಇಡಿ. ಕೆಮ್ಮು ಯಾವಾಗ ಬರುತ್ತದೆ, ಅದರ ಹಿಂದೆ ಏನು ಮಾಡಿದ್ದೆ, ಇಷ್ಟೇ ಬರೆಯಿರಿ. ಊಟವಾಗಿ ಮಲಗಿದ ಕೂಡಲೇ ಬಂದರೆ ಹೊಟ್ಟೆಯ ಹುಳಿ ಮೇಲೆ ಬರುತ್ತಿರಬಹುದು. ಬೆಳಗಿನ ಜಾವ ಎದೆ ಬಿಗಿದು ಬಂದರೆ ಆಸ್ತಮಾ ಇರಬಹುದು. ಕೆಲವರಿಗೆ ಆಸ್ತಮಾ ಬರೀ ಕೆಮ್ಮಾಗಿಯೇ ಕಾಣಿಸುತ್ತದೆ. ಮೂಗಿನ ಹಿಂದಿನಿಂದ ಗಂಟಲಿಗೆ ಸಿಂಬಳ ಇಳಿದ ಹಾಗೆ ಅನಿಸಿದರೆ ಮೂಗಿಗೇ ಔಷಧಿ ಬೇಕು. ಗೋಟಡಿಕೆ ಸುಲಿಯುವ ಧೂಳು, ಸ್ನಾನದ ಒಲೆಯ ಹೊಗೆ, ಮಳೆಗಾಲದಲ್ಲಿ ಕಂಬಳಿಗೆ ಹಿಡಿದ ಬೂಸರು, ಇವನ್ನೂ ಬರೆಯಿರಿ. ನಮ್ಮ ಪಕ್ಕದ ಮನೆಯ ಭಾವ ಅಡಿಕೆ ಸುಲಿಯುವಾಗ ಮೂಗಿಗೆ ಮಾಸ್ಕ್ ಕಟ್ಟಿದ್ದಕ್ಕೇ ಅವರ ಅರ್ಧ ಕೆಮ್ಮು ಹೋಯಿತು.

ಮಾತ್ರೆಗಳ ಹೆಸರನ್ನೂ ಬರೆಯಿರಿ. ಎನಾಲಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್. ಹೆಸರಿನ ಕೊನೆಗೆ "ಪ್ರಿಲ್" ಇರುವ ಬಿಪಿ ಮಾತ್ರೆಗಳು ದೇಹದ ಒಂದು ಕಿಣ್ವವನ್ನು ತಡೆಯುತ್ತವೆ. ಆ ಕಿಣ್ವವೇ ಬ್ರಾಡಿಕೈನಿನ್ ಅನ್ನುವ ವಸ್ತುವನ್ನು ಒಡೆದು ಹಾಕುವುದು. ತಡೆದಾಗ ಅದು ಉಸಿರುನಾಳದಲ್ಲಿ ಸೇರಿಕೊಂಡು ನರಗಳನ್ನು ಕೆಣಕುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ. ಆಗುವವರಿಗೆ ಒಣ ಕೆಮ್ಮು ಬರುತ್ತದೆ, ಯಾವ ಕಷಾಯಕ್ಕೂ ಅದು ಬಗ್ಗುವುದಿಲ್ಲ. ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ವೈದ್ಯರಿಗೆ ಹೇಳಿದರೆ "ಸಾರ್ಟನ್" ಅಂತ ಕೊನೆಯಾಗುವ ಬೇರೆ ಬಗೆಯ ಮಾತ್ರೆ ಕೊಡಬಹುದು. ಬದಲಾಯಿಸಿದ ಮೇಲೆ ಕೆಮ್ಮು ಹೋಗಲು ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರ ಹಿಡಿಯುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ನಡುವೆ ಎದೆಗುಂದಬೇಡಿ.

ಒಗ್ಗರಣೆಯ ಘಾಟು ಕಲಿಸುವ ಪಾಠ

ಒಣಮೆಣಸು ಒಗ್ಗರಣೆಯಲ್ಲಿ ಸೀದರೆ ಮನೆಯವರೆಲ್ಲ ಕೆಮ್ಮುತ್ತಾರೆ. ಮೆಣಸಿನಲ್ಲಿರುವ ಕ್ಯಾಪ್ಸೈಸಿನ್ ಉಸಿರುನಾಳದ ನರಗಳ ತುದಿಯಲ್ಲಿರುವ ಒಂದು ಬಾಗಿಲನ್ನು ತೆರೆಯುತ್ತದೆ. ಅದರ ಹೆಸರು ಟಿಆರ್‌ಪಿವಿ1. ಬಿಸಿ ತಾಗಿದರೂ ತೆರೆಯುವುದು ಅದೇ ಬಾಗಿಲು. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಬಂತು. ಕೆಮ್ಮಿನ ಔಷಧಿಯನ್ನು ಪರೀಕ್ಷಿಸುವವರು ಇಂದಿಗೂ ಜನರಿಗೆ ಕ್ಯಾಪ್ಸೈಸಿನ್ ಹನಿಯ ಮಂಜನ್ನು ಉಸಿರಾಡಲು ಕೊಟ್ಟು, ಎಷ್ಟಕ್ಕೆ ಕೆಮ್ಮು ಬರುತ್ತದೆ ಅಂತ ಅಳೆಯುತ್ತಾರೆ.

ತಿಂಗಳುಗಟ್ಟಲೆ ಕೆಮ್ಮಿದವರ ನರಗಳು ಹುಣ್ಣಾದ ಚರ್ಮದ ಹಾಗೆ ಆಗಿರುತ್ತವೆ. ಸಣ್ಣ ಘಾಟು, ತಣ್ಣನೆ ಗಾಳಿ, ನಗು, ಜಾಸ್ತಿ ಮಾತು, ಏನು ತಾಗಿದರೂ ಕೆಮ್ಮು. ಆದ್ದರಿಂದ ಗಿಡದ ಔಷಧಿ ಆರಿಸುವಾಗ ಮೊದಲು ಇದನ್ನು ಕೇಳಿಕೊಳ್ಳಿ. ನನ್ನ ಕೆಮ್ಮಿಗೆ ಕಫ ಹೊರಗೆ ಬರಬೇಕೋ, ಇಲ್ಲ ನರ ತಣ್ಣಗಾಗಬೇಕೋ? ಎರಡಕ್ಕೂ ಒಂದೇ ಕಷಾಯ ಅನ್ನುವುದು ಸರಿಯಲ್ಲ.

ಕಫ ಇದ್ದರೆ ಆಡುಸೋಗೆ

ಇದು ನಮ್ಮ ಬೇಲಿಯ ಗಿಡ. ದನ, ಆಡು ಬಾಯಿ ಹಾಕುವುದಿಲ್ಲ. ಅಷ್ಟು ಕಹಿ. ಬಿಳಿ ಹೂವಿನ ಒಳಗೆ ನೇರಳೆ ಗೆರೆ ಇರುತ್ತದೆ. ಹೂವು ನೋಡದೆ ಬರೀ ಎಲೆ ನೋಡಿ ಕಿತ್ತುಕೊಳ್ಳಬೇಡಿ, ಗೊತ್ತಿರುವವರಿಂದ ಒಮ್ಮೆ ಗುರುತು ಮಾಡಿಸಿಕೊಳ್ಳಿ.

ಎಲೆಯಲ್ಲಿರುವ ಮುಖ್ಯ ಸಾರ ವಾಸಿಸಿನ್. ಸಂಸ್ಕೃತದಲ್ಲಿ ಈ ಗಿಡಕ್ಕೆ ವಾಸಾ ಅಂತ ಹೆಸರು, ಸಾರಕ್ಕೂ ಅದೇ ಅಂಟಿಕೊಂಡಿತು. ಈ ವಾಸಿಸಿನ್‌ನ ರಚನೆಯನ್ನೇ ದಾರಿಯಾಗಿಟ್ಟುಕೊಂಡು ಜರ್ಮನಿಯಲ್ಲಿ ಬ್ರೋಮ್‌ಹೆಕ್ಸಿನ್ ತಯಾರಿಸಿದರು. 1960ರ ದಶಕದಲ್ಲಿ ಅದು ಮಾರುಕಟ್ಟೆಗೆ ಬಂತು. ಬ್ರೋಮ್‌ಹೆಕ್ಸಿನ್ ದೇಹದೊಳಗೆ ಹೋಗಿ ಆಂಬ್ರಾಕ್ಸಾಲ್ ಆಗುತ್ತದೆ. ಮೆಡಿಕಲ್ ಶಾಪಿನ ಕಫದ ಸಿರಪ್ ಬಾಟಲಿಯನ್ನು ತಿರುಗಿಸಿ ಓದಿ. ಇವೆರಡರಲ್ಲಿ ಒಂದರ ಹೆಸರು ಎಷ್ಟೋ ಸಲ ಸಿಗುತ್ತದೆ. ಇದನ್ನು ಅತ್ತೆಗೆ ಓದಿ ಹೇಳಿದ ದಿನ ಅವರು ಬೇಲಿಯ ಹತ್ತಿರ ಹೋಗಿ ಬಹಳ ಹೊತ್ತು ನಿಂತಿದ್ದರು.

ಮಾಡುವುದು ಹೀಗೆ. ಬಲಿತ ಎಲೆ ಮೂರೋ ನಾಲ್ಕೋ ತೊಳೆದು, ಬಿಸಿ ಕಾವಲಿಯ ಮೇಲೆ ಬಾಡಿಸಿ. ಹಸಿ ಎಲೆ ಜಜ್ಜಿದರೆ ರಸ ಸುಲಭಕ್ಕೆ ಬರುವುದಿಲ್ಲ. ಬಾಡಿದ ಮೇಲೆ ಒರಳಲ್ಲಿ ಜಜ್ಜಿ, ಬಿಳಿ ಬಟ್ಟೆಯಲ್ಲಿ ಹಿಂಡಿ. ಒಂದು ಟೀ ಚಮಚ ರಸಕ್ಕೆ ಅಷ್ಟೇ ಜೇನು. ಬೆಳಿಗ್ಗೆ ಒಂದು, ಸಂಜೆ ಒಂದು. ಐದು ದಿನ ಸಾಕು. ನೀರು ಚೆನ್ನಾಗಿ ಕುಡಿಯಿರಿ. ಕಫ ಸಡಿಲವಾಗಿ ಬಂದರೆ ಕೆಲಸ ಮಾಡಿತು ಅಂತ ಅರ್ಥ. ಐದು ದಿನಕ್ಕೆ ಏನೂ ಬದಲಾಗದಿದ್ದರೆ ಹತ್ತನೇ ದಿನಕ್ಕೂ ಬದಲಾಗುವುದಿಲ್ಲ, ನಿಲ್ಲಿಸಿ.

ಬಸುರಿಯರು ಆಡುಸೋಗೆ ಮುಟ್ಟಲೇಬಾರದು. ವಾಸಿಸಿನ್ ಗರ್ಭಕೋಶವನ್ನು ಕುಗ್ಗಿಸುತ್ತದೆ. ಮಕ್ಕಳಿಗೂ ವೈದ್ಯರನ್ನು ಕೇಳದೆ ಕೊಡಬೇಡಿ. ನನ್ನ ಹಾಗೆ ಒಣ ಕೆಮ್ಮು ಇರುವವರಿಗೆ ಇದರಿಂದ ದೊಡ್ಡ ಉಪಯೋಗ ಕಾಣಲಿಲ್ಲ. ನಾನೂ ಎರಡು ವಾರ ಕುಡಿದು ನೋಡಿದ್ದೆ.

ಶುಂಠಿ, ಕಾಳುಮೆಣಸು, ಅರಿಶಿನ

ಹಸಿಶುಂಠಿಯ ಖಾರ ಜಿಂಜರಾಲ್‌ನದು. ಒಣಗಿದಾಗ ಅದು ಶೋಗಾಲ್ ಆಗುತ್ತದೆ. ಶೋಗಾ ಅಂದರೆ ಜಪಾನಿ ಭಾಷೆಯಲ್ಲಿ ಶುಂಠಿ. ಶೋಗಾಲ್‌ಗೆ ಖಾರ ಜಾಸ್ತಿ, ಅದಕ್ಕೇ ಒಣಶುಂಠಿ ಕಷಾಯ ನಾಲಿಗೆಗೆ ಚುರುಕು. ಪ್ರಯೋಗಾಲಯದಲ್ಲಿ ಈ ಎರಡೂ ಸಾರಗಳು ಉಸಿರುನಾಳದ ಬಿಗಿದ ಸ್ನಾಯುವನ್ನು ಸಡಿಲಿಸಿವೆ. ಪ್ರಯೋಗಾಲಯದ ಸ್ನಾಯು ಬೇರೆ, ಉಬ್ಬಸದಲ್ಲಿರುವ ಮನುಷ್ಯ ಬೇರೆ. ಇನ್ಹೇಲರ್ ಬಿಟ್ಟು ಶುಂಠಿ ಹಿಡಿಯಬೇಡಿ.

ಕಾಳುಮೆಣಸಿನ ಕಥೆ ನಮ್ಮ ರಾಜ್ಯದ್ದೇ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಒಂದು ಲೇಖನ ಪ್ರಕಟಿಸಿದರು. ಅರಿಶಿನದ ಕರ್ಕ್ಯುಮಿನ್ 2 ಗ್ರಾಂ ಮಾತ್ರ ಕೊಟ್ಟಾಗ ರಕ್ತಕ್ಕೆ ಸೇರಿದ್ದು ತೀರಾ ಕಡಿಮೆ. ಅದರ ಜೊತೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಅದು ಶೇಕಡಾ 2000ದಷ್ಟು ಹೆಚ್ಚಿತು. 20 ಮಿಲಿಗ್ರಾಂ ಪೈಪರಿನ್ ಅಂದರೆ ಎಂಟು-ಹತ್ತು ಕಾಳು ಅಷ್ಟೇ. ಅರಿಶಿನದ ಹಾಲಿಗೆ ಕಾಳುಮೆಣಸು ಕುಟ್ಟಿ ಹಾಕುವ ನಮ್ಮ ರೂಢಿಗೆ ಇಲ್ಲೊಂದು ಅರ್ಥ ಸಿಗುತ್ತದೆ. ರಕ್ತಕ್ಕೆ ಸೇರಿತು ಅಂದ ಮಾತ್ರಕ್ಕೆ ಕೆಮ್ಮು ನಿಂತಿತು ಅಂತ ಅಲ್ಲ, ಅಷ್ಟು ನೆನಪಿರಲಿ.

ಪೈಪರಿನ್ ಅರಿಶಿನಕ್ಕೆ ಮಾಡಿದ್ದನ್ನು ಮಾತ್ರೆಗೂ ಮಾಡುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಬಿಪಿಗೆ ಕೊಡುವ ಪ್ರೊಪ್ರನೊಲಾಲ್, ಇವುಗಳ ಪ್ರಮಾಣ ರಕ್ತದಲ್ಲಿ ಏರಬಹುದು. ಸಾರಿನಲ್ಲಿ ಹಾಕುವ ಮೆಣಸಿಗೆ ಹೆದರಬೇಕಿಲ್ಲ. ದಿನಾ ಎರಡು ಹೊತ್ತು ಮೆಣಸಿನ ಕಷಾಯ ಕುಡಿಯುವವರು ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಬೇಕು. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಶುಂಠಿ, ಅರಿಶಿನದ ಕಷಾಯಕ್ಕೂ ಮೊದಲು ಕೇಳಿಕೊಳ್ಳಲಿ.

ಅಳತೆ: ಹೆಬ್ಬೆರಳ ಉಗುರಿನಷ್ಟು ಒಣಶುಂಠಿ, ಆರು ಕಾಳುಮೆಣಸು, ಕುಟ್ಟಿ ಎರಡು ಲೋಟ ನೀರಿಗೆ ಹಾಕಿ ಒಂದು ಲೋಟಕ್ಕೆ ಇಳಿಸಿ. ಬೆಲ್ಲ ಬೇಕಿದ್ದರೆ ಚೂರು. ಊಟವಾದ ಮೇಲೆ, ಹಗಲಿನಲ್ಲಿ ಕುಡಿಯಿರಿ. ಹುಳಿತೇಗಿನ ಕೆಮ್ಮು ಇರುವವರು ಈ ಕಷಾಯವನ್ನು ರಾತ್ರಿ ಕುಡಿದು ಮಲಗಿದರೆ ಎದೆಯುರಿ ಏರಿ ಕೆಮ್ಮು ಇಮ್ಮಡಿಯಾಗಬಹುದು. ನನ್ನ ಜೊತೆ ಕೆಲಸ ಮಾಡಿದ ಕನ್ನಡ ಮೇಷ್ಟ್ರಿಗೆ ಆದದ್ದು ಇದೇ. ಅವರು ಕಷಾಯ ಬಿಟ್ಟು, ಏಳು ಗಂಟೆಗೆ ಊಟ ಮಾಡಿ, ಮಂಚದ ತಲೆಯ ಕಡೆ ಕಾಲಿನ ಕೆಳಗೆ ಇಟ್ಟಿಗೆ ಕೊಟ್ಟು ಮಲಗತೊಡಗಿದ ಮೇಲೆ ನಿದ್ದೆ ಬಂತು.

ಜ್ಯೇಷ್ಠಮಧು, ನನಗೆ ಪಾಠ ಕಲಿಸಿದ ಬೇರು

ಇದು ಮಲೆನಾಡಿನಲ್ಲಿ ಬೆಳೆಯುವುದಿಲ್ಲ, ಅಂಗಡಿಯಿಂದಲೇ ಬರಬೇಕು. ಸಿಹಿಗೆ ಕಾರಣ ಗ್ಲಿಸಿರೈಜಿನ್. ಗಂಟಲಿನ ಮೇಲೆ ನುಣುಪಾದ ಪದರ ಹಾಸಿ ಕೆರೆತ ಕಡಿಮೆ ಮಾಡುತ್ತದೆ, ಅದು ಸುಳ್ಳಲ್ಲ. ಅದೇ ಗ್ಲಿಸಿರೈಜಿನ್ ಕಿಡ್ನಿಯಲ್ಲಿ ಒಂದು ಕಿಣ್ವವನ್ನು ತಡೆಯುತ್ತದೆ. ಕಾರ್ಟಿಸಾಲ್ ಹಾರ್ಮೋನನ್ನು ಅಲ್ಲಿ ನಿಷ್ಕ್ರಿಯ ಮಾಡುವುದು ಆ ಕಿಣ್ವದ ಕೆಲಸ. ತಡೆದಾಗ ಕಾರ್ಟಿಸಾಲ್ ಉಪ್ಪನ್ನು ಹಿಡಿದಿಡುತ್ತದೆ, ಪೊಟ್ಯಾಸಿಯಂ ಅನ್ನು ಹೊರಗೆ ಕಳಿಸುತ್ತದೆ. ಕಾಲು ಊದುತ್ತದೆ, ಬಿಪಿ ಏರುತ್ತದೆ, ಹೃದಯದ ಬಡಿತ ತಪ್ಪಬಹುದು. ನಾನು ನಾಲ್ಕು ತಿಂಗಳು ಕುಡಿದೆ.

ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು, ನೀರು ಹೋಗುವ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ಇದನ್ನು ಕುಡಿಯಬೇಡಿ. ಆರೋಗ್ಯವಾಗಿರುವವರು ಸಣ್ಣ ಚೂರು ಬಾಯಲ್ಲಿಟ್ಟು ಚೀಪಬಹುದು, ನಾಲ್ಕೈದು ದಿನ. ಇದರ ಬದಲು ಗುಲಗಂಜಿ ಬಳ್ಳಿಯ ಸಿಹಿ ಎಲೆ ಅಗಿಯುವ ರೂಢಿ ನಮ್ಮಲ್ಲಿದೆ. ಆ ಬಳ್ಳಿಯ ಕೆಂಪು ಬೀಜದಲ್ಲಿ ಅಬ್ರಿನ್ ಅನ್ನುವ ಕೊಲ್ಲುವ ವಿಷ ಇದೆ. ಮಕ್ಕಳಿರುವ ಮನೆಯಲ್ಲಿ ಆ ಬಳ್ಳಿ ಬೇಡವೇ ಬೇಡ.

ಕೆರೆತ ತಣಿಸಲು

ಒಣ ಕೆಮ್ಮಿಗೆ ನನಗೆ ನಿಜಕ್ಕೂ ರಾತ್ರಿ ಕಳೆಯಲು ನೆರವಾದದ್ದು ಜೇನು. ಮಲಗುವ ಮೊದಲು ಒಂದು ಚಮಚ, ತುಡುವೆ ಜೇನು, ಸುಮ್ನೆ ನೆಕ್ಕಿದ್ದು. ಮೇಲೆ ನೀರು ಕುಡಿಯಬಾರದು. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬೇಡಿ. ಬಾಟ್ಯುಲಿಸಂ ಅನ್ನುವ ಅಪಾಯದ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಗಳು ಅದರಲ್ಲಿ ಇರಬಹುದು, ಎಳೆಯ ಕರುಳು ತಡೆಯುವುದಿಲ್ಲ. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಮುಟ್ಟಿಸುವ ಪದ್ಧತಿಯನ್ನು ನಾನು ನಮ್ಮ ಮನೆಯಲ್ಲಿ ನಿಲ್ಲಿಸಿದ್ದೇನೆ.

ಪುದೀನ ಜಾತಿಯ ಮೆಂಥಾಲ್ ತಂಪಿನ ಬಾಗಿಲನ್ನು ತಟ್ಟುತ್ತದೆ. ಮೂಗು ಬಿಚ್ಚಿದ ಹಾಗೆ ಅನಿಸುವುದು ಅದರಿಂದಲೇ. ಗಂಟಲ ಗುಳಿಗೆ ಚೀಪಿದಾಗ ಸ್ವಲ್ಪ ಹೊತ್ತು ಕೆಮ್ಮು ತಡೆದುಕೊಳ್ಳುತ್ತದೆ. ಕರ್ಪೂರವನ್ನು ಮಾತ್ರ ಬಾಯಿಗೆ ಹಾಕಬೇಡಿ. ಸ್ವಲ್ಪ ನುಂಗಿದರೂ ಮಕ್ಕಳಿಗೆ ಫಿಟ್ಸ್ ಬರಬಹುದು. ಎರಡು ವರ್ಷದೊಳಗಿನವರ ಎದೆಗೆ ಕರ್ಪೂರದ ಮುಲಾಮು ಹಚ್ಚುವುದೂ ಬೇಡ.

ದೊಡ್ಡಪತ್ರೆಯಲ್ಲಿ ಕಾರ್ವಕ್ರಾಲ್, ಥೈಮಾಲ್ ಅನ್ನುವ ಘಾಟಿನ ಸಾರಗಳಿವೆ. ಅದರ ತಂಬುಳಿಯನ್ನು ಊಟದಲ್ಲಿ ಕಲಸಿಕೊಂಡು ತಿನ್ನಿ, ಔಷಧಿ ಅಂತ ಲೆಕ್ಕ ಹಾಕಬೇಡಿ.

ಅಡಿಕೆ ತೋಟದ ನಡುವೆ ಕೋಕೋ ಹಾಕಿದವರು ಇದನ್ನು ಕೇಳಿ. ಕೋಕೋ ಬೀಜದ ಥಿಯೋಬ್ರೊಮಿನ್ ಅನ್ನು 2005ರಲ್ಲಿ ಲಂಡನ್ನಿನ ಸಂಶೋಧಕರು ಹತ್ತು ಜನ ಆರೋಗ್ಯವಂತರಿಗೆ ಕೊಟ್ಟು ಮೆಣಸಿನ ಸಾರದ ಪರೀಕ್ಷೆ ಮಾಡಿದರು. ಕೆಮ್ಮು ಬರಲು ಸಾರ ಜಾಸ್ತಿ ಬೇಕಾಯಿತು. ಹತ್ತೇ ಜನ, ಅದೂ ಕೆಮ್ಮಿಲ್ಲದವರು. ಚಾಕೊಲೇಟ್ ತಿಂದರೆ ಹುಳಿತೇಗು ಜಾಸ್ತಿಯಾಗುವವರೂ ಇದ್ದಾರೆ. ನಾನಂತೂ ಇದನ್ನು ಇನ್ನೂ ಯಾರಿಗೂ ಹೇಳಿಕೊಡುತ್ತಿಲ್ಲ.

ಮುಟ್ಟಬಾರದ್ದು ಎರಡು. ಉಮ್ಮತ್ತದ ಎಲೆಯ ಹೊಗೆ ಎಳೆದರೆ ಉಬ್ಬಸ ಬಿಡುತ್ತದೆ ಅಂತ ಹಿಂದೆ ಹೇಳುತ್ತಿದ್ದರು. ಅದರಲ್ಲಿ ಅಟ್ರೊಪಿನ್ ಇದೆ, ಅದೇ ಬಗೆಯಿಂದ ಇಪ್ರಟ್ರೋಪಿಯಂ ಅನ್ನುವ ಇನ್ಹೇಲರ್ ಔಷಧಿ ಹುಟ್ಟಿತು. ಇನ್ಹೇಲರಿನಲ್ಲಿ ಅಳತೆ ಇದೆ, ಎಲೆಯಲ್ಲಿ ಇಲ್ಲ. ಜನ ಬುದ್ಧಿ ತಪ್ಪಿ ಸತ್ತಿದ್ದಾರೆ. ಇನ್ನೊಂದು ಕೊಡೀನ್, ಕೆಲವು ಕೆಮ್ಮಿನ ಸಿರಪ್ಪಿನಲ್ಲಿ ಇರುವ ಔಷಧಿ. ಗಸಗಸೆ ಗಿಡದ ಕಾಯಿಯ ಹಾಲಿನಿಂದ 1832ರಲ್ಲಿ ಫ್ರಾನ್ಸಿನ ರಾಬಿಕೆ ಬೇರ್ಪಡಿಸಿದ್ದು. ದೇಹದಲ್ಲಿ ಅದರ ಒಂದು ಭಾಗ ಮಾರ್ಫಿನ್ ಆಗುತ್ತದೆ. ಚಟ ಹಿಡಿಸುತ್ತದೆ, ಮಕ್ಕಳ ಉಸಿರು ನಿಲ್ಲಿಸಬಹುದು. ಯಾರಿಗೋ ಬರೆದ ಸಿರಪ್ಪನ್ನು ನೀವು ಕುಡಿಯಬೇಡಿ. ಪಾಯಸದ ಗಸಗಸೆಗೆ ಹೆದರಬೇಡಿ, ಬೀಜದಲ್ಲಿ ಆ ಸಾರ ಇಲ್ಲವೆನ್ನುವಷ್ಟು ಕಡಿಮೆ.

ಒಂದು ಸಲಕ್ಕೆ ಒಂದೇ

ಹದಿನಾರು ಬೇರು ಸೇರಿಸಿದ ಕಷಾಯದಿಂದ ಗುಣವಾದರೆ ಯಾವುದರಿಂದ ಆಯಿತು ಅಂತ ಗೊತ್ತಾಗುವುದಿಲ್ಲ. ಕೆಟ್ಟದಾದರೂ ಅಷ್ಟೇ. ಒಂದು ಗಿಡ ಆರಿಸಿ, ಐದು ದಿನ, ಒಂದೇ ಅಳತೆ. ದಿನಾ ರಾತ್ರಿ ಕೆಮ್ಮಿಗೆ ಹತ್ತರಲ್ಲಿ ಒಂದು ಅಂಕ ಕೊಟ್ಟು ಬರೆಯಿರಿ. ಬಿಪಿ ಇರುವವರು ವಾರಕ್ಕೊಮ್ಮೆ ಬಿಪಿಯನ್ನೂ ನೋಡಿಸಿ ಪಕ್ಕದಲ್ಲಿ ಬರೆಯಿರಿ. ಈ ಎರಡು ಸಾಲು ನನ್ನ ಹತ್ತಿರ ಆಗಸ್ಟ್‌ನಲ್ಲಿ ಇದ್ದಿದ್ದರೆ ಅಂತ ಈಗಲೂ ಅನಿಸುತ್ತದೆ.

ವೈದ್ಯರ ಹತ್ತಿರ ಹೋಗುವಾಗ ಒಂದು ಚೀಟಿ ಬರೆದುಕೊಂಡು ಹೋಗಿ. ಅಲ್ಲಿ ಹೋದ ಮೇಲೆ ಅರ್ಧ ಮರೆತು ಹೋಗುತ್ತದೆ. ನವೆಂಬರ್‌ನಲ್ಲಿ ಆ ವೈದ್ಯೆ ನನ್ನಿಂದ ಬರೆಸಿಕೊಂಡದ್ದು ಇನ್ನೂ ನೋಟ್‌ಬುಕ್ಕಿನಲ್ಲಿ ಅಂಟಿಸಿದೆ: "ಕೆಮ್ಮು ಜೂನ್‌ನಿಂದ. ಒಣ. ರಾತ್ರಿ ಜಾಸ್ತಿ. ಮಾತ್ರೆ: ಎನಾಲಪ್ರಿಲ್, ಮೇ ತಿಂಗಳಿಂದ. ಕಷಾಯ: ಜ್ಯೇಷ್ಠಮಧು, ಜುಲೈನಿಂದ, ದಿನಕ್ಕೆ ಮೂರು ಲೋಟ. ಕಾಲು ಊತ ಇದೆ."